ಹಳೇ ಸ್ಕ್ಯಾನ್ ಸಿ.ಡಿ. ಎಸೀಬೇಡಿ: ಎಂಎಸ್ ಕಾಯಿಲೆಯನ್ನು ಚಿತ್ರಗಳಲ್ಲಿ ಹಿಂಬಾಲಿಸಿದ ನಲವತ್ತು ವರ್ಷ

ಈ ವಾರದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಕೈತಪ್ಪಿದ ಕೆಲವು ಇಸವಿಗಳನ್ನು ಇಲ್ಲಿ ಸೇರಿಸಿದ್ದೇನೆ. ಲೋಕಲ್ ಟ್ರೇನಲ್ಲಿ ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಮೊಬೈಲು ಹಿಡ್ಕೊಂಡು ಹೋಗೋರು ವಿಡಿಯೋಗಿಂತ ಇದನ್ನೇ ಓದ್ತೀರಿ ಅಂತ ನನಗೆ ಗೊತ್ತು.

ಈ ಸಲದ ಚರಿತ್ರೆ ನಮ್ಮ ಮನೆಯಿಂದಲೇ ಶುರುವಾಗುತ್ತೆ. ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಎಲ್ಲರೂ ಕರೆಯೋದು ಎಂಎಸ್ ಅಂತ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ.

ಅವಳು ಐರೋಲಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾಳೆ. ಶಹಾಡ್‌ನಲ್ಲಿ ನಮ್ಮ ಜೊತೆಗೇ ಇದ್ದಾಳೆ. 2020ರಲ್ಲಿ ಲಾಕ್‌ಡೌನ್ ಅಂತ ಊರಿಗೆ, ಸಾಗರಕ್ಕೆ ಹೋಗಿ ಅಲ್ಲಿಂದಲೇ ಕೆಲಸ ಮಾಡ್ತಿದ್ದಳು. ಆ ವರ್ಷದ ಕೊನೆಗೆ ಒಂದು ಕಣ್ಣು ಮಂಜಾಯಿತು. ಕಣ್ಣು ಆಚೀಚೆ ತಿರುಗಿಸಿದರೆ ನೋವು. ಶಿವಮೊಗ್ಗದಲ್ಲಿ ಎಂಆರ್‌ಐ ಆಯಿತು, ಕಾಯಿಲೆಗೆ ಹೆಸರು ಸಿಕ್ಕಿತು, ಕೆಲವು ತಿಂಗಳಾದ ಮೇಲೆ ಔಷಧಿ ಶುರುವಾಯಿತು. 2022ರಲ್ಲಿ ಆಫೀಸು ವಾಪಸ್ ಕರೆಯಿತು, ಅವಳು ಶಹಾಡ್‌ಗೆ ಬಂದಳು. ಇಲ್ಲಿಯ ಒಂದು ಸೆಂಟರಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಒಂದು ಸಾಲು: ಮೂರು ಹೊಸ ಕಲೆಗಳು ಕಾಣಿಸಿವೆ.

ಅದರ ಅರ್ಥ ಏನು ಗೊತ್ತಾ? ಔಷಧಿ ಕೆಲಸ ಮಾಡ್ತಿಲ್ಲ ಅಂತ. ಇನ್ನೂ ಜೋರಾದ ಔಷಧಿಗೆ ಹೋಗಬೇಕು. ಅದರ ಖರ್ಚು ಬೇರೆ, ಸೋಂಕಿನ ಅಪಾಯ ಬೇರೆ. ಡಾಕ್ಟರು ಕೂಡ ಹೆಚ್ಚುಕಡಿಮೆ ಆ ಕಡೆಗೇ ವಾಲಿದ್ದರು. ನಾನು ಸುಮ್ಮನೆ ಕೂತಿದ್ದೆ. ತಂಗಿ ಮಾತ್ರ ರಿಪೋರ್ಟನ್ನು ಎರಡು ಸಲ ಓದಿ ಕೇಳಿದಳು: "ಅಣ್ಣಾ, ಹಳೇ ಬಿಲ್ಡ್ ನೋಡದೇ ಇದು ಹೊಸ ಬಗ್ಗು ಅಂತ ಹೇಗೆ ಬರೆದ್ರು? ನಾನು ಹಾಗೆ ಬರೆದ್ರೆ ಡೆವಲಪರ್ ಆ ನಿಮಿಷವೇ ವಾಪಸ್ ಕಳಿಸ್ತಾನೆ."

ಹೌದು, ಅವರು ಹಳೇ ಚಿತ್ರಗಳನ್ನು ನೋಡಿಯೇ ಇರಲಿಲ್ಲ. ಹಳೇ ರಿಪೋರ್ಟಿನ ಕಾಗದ ಮಾತ್ರ ನಮ್ಮ ಹತ್ರ ಇತ್ತು. ಅದರಲ್ಲಿದ್ದ ಎಣಿಕೆಗೂ ಹೊಸ ಎಣಿಕೆಗೂ ಮೂರರ ವ್ಯತ್ಯಾಸ. ಸಿ.ಡಿ. ಸಾಗರದಲ್ಲೇ ಉಳಿದಿತ್ತು.

ಆ ಸಿ.ಡಿ. ಏನಾಯಿತು ಅನ್ನೋದನ್ನು ಕೊನೆಗೆ ಹೇಳ್ತೀನಿ. ತಂಗಿ ಕೇಳಿದ ಪ್ರಶ್ನೆ ಎಷ್ಟು ಹಳೇದು, ಅದಕ್ಕೆ ಉತ್ತರ ಹುಡುಕಿದವರು ಯಾರು ಅನ್ನೋದು ಮೊದಲು.

ಎಂಎಸ್ ಅಂದರೇನು ಅಂತ ಎರಡು ಮಾತು. ನಮ್ಮ ನರತಂತುಗಳಿಗೆ ಮೈಲಿನ್ ಅನ್ನೋ ಹೊದಿಕೆ ಇರುತ್ತೆ, ವೈರಿನ ಮೇಲಿನ ಪ್ಲಾಸ್ಟಿಕ್ ಸುತ್ತಿನ ಹಾಗೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೆದುಳು ಮತ್ತು ಬೆನ್ನುಹುರಿಯಲ್ಲಿ ಆ ಹೊದಿಕೆಯ ಮೇಲೆ ದಾಳಿ ಮಾಡುತ್ತೆ. ದಾಳಿ ಆದ ಕಡೆ ಸಂದೇಶ ನಿಧಾನವಾಗುತ್ತೆ, ಇಲ್ಲವೇ ನಿಂತೇ ಹೋಗುತ್ತೆ. ಕಣ್ಣಿನ ನರದಲ್ಲಾದರೆ ದೃಷ್ಟಿ ಮಂಜು, ಬೆನ್ನುಹುರಿಯಲ್ಲಾದರೆ ಕಾಲು ಜೋಮು. ಹೆಚ್ಚಿನವರಲ್ಲಿ ಕೆಲವು ವಾರ ಕಾಡಿ, ಸುಧಾರಿಸಿ, ಮತ್ತೆ ಯಾವಾಗಲೋ ಬರುತ್ತೆ.

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜ್ಯಾನ್ ಮಾರ್ಟಿನ್ ಶಾರ್ಕೋ ಇದನ್ನು ಪ್ರತ್ಯೇಕ ಕಾಯಿಲೆ ಅಂತ ವಿವರವಾಗಿ ಗುರುತಿಸಿದ್ದು 1868ರಲ್ಲಿ. ಬದುಕಿದ್ದಾಗ ರೋಗಿಯ ನಡುಕ, ಮಾತು, ಕಣ್ಣಿನ ಚಲನೆ ನೋಡಿ ಬರೆದಿಟ್ಟುಕೊಳ್ಳುವುದು, ಸತ್ತ ಮೇಲೆ ಮೆದುಳು ಕೊಯ್ದು ಗಟ್ಟಿಯಾದ ಕಲೆಗಳನ್ನು ಹುಡುಕುವುದು, ಎರಡನ್ನೂ ತಾಳೆ ಹಾಕುವುದು. ಇದು ಅವರ ವಿಧಾನ. ಅಂದರೆ ಕಲೆಗಳನ್ನು ಕಣ್ಣಾರೆ ನೋಡಬೇಕಾದರೆ ರೋಗಿ ಸಾಯಬೇಕಿತ್ತು. ಈ ಸ್ಥಿತಿ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು.

ನಡುವೆ ಡಾಕ್ಟರುಗಳು ಏನು ಮಾಡ್ತಿದ್ದರು? ಒಂದು ಉದಾಹರಣೆ ಕೊಡ್ತೀನಿ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ ಒಂದು ವಿಷಯ ಗಮನಿಸಿದರು: ಇಂಥ ರೋಗಿಗಳು ದೈಹಿಕ ಶ್ರಮ ಮಾಡಿದಾಗ ದೃಷ್ಟಿ ತಾತ್ಕಾಲಿಕವಾಗಿ ಮಂಕಾಗುತ್ತೆ. ಕಾರಣ ಮೈ ಬಿಸಿಯಾಗೋದು ಅಂತ ಆಮೇಲೆ ತಿಳಿಯಿತು. ಹೊದಿಕೆ ಕಳೆದುಕೊಂಡ ನರದಲ್ಲಿ ಶಾಖ ಹೆಚ್ಚಾದರೆ ಸಂದೇಶ ಇನ್ನಷ್ಟು ತಡವರಿಸುತ್ತೆ. ಇದನ್ನೇ ಹಿಡಿದುಕೊಂಡು ಅನುಮಾನ ಇದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದಾ ಅಂತ ನೋಡುವ ಪರೀಕ್ಷೆ ಬಂತು. ಮೇ ತಿಂಗಳಲ್ಲಿ ಕಲ್ಯಾಣದಿಂದ ಠಾಣೆವರೆಗೆ ಲೋಕಲ್‌ನಲ್ಲಿ ನಿಂತು ಬಂದರೆ ತಂಗಿಗೆ ಇದೇ ಪರೀಕ್ಷೆ ತೊಟ್ಟಿ ಇಲ್ಲದೇ ಆಗಿಬಿಡುತ್ತೆ. ಠಾಣೆಯಲ್ಲಿ ಇಳಿದು ಐರೋಲಿ ಗಾಡಿ ಹತ್ತುವಾಗ ಇಂಡಿಕೇಟರಿನ ಅಕ್ಷರ ಅವಳಿಗೆ ಕಲಸಿದ ಹಾಗೆ ಕಾಣುತ್ತೆ. ಹತ್ತು ನಿಮಿಷ ಫ್ಯಾನಿನ ಕೆಳಗೆ ನಿಂತರೆ ಸರಿಹೋಗುತ್ತೆ.

ಈಗ ಚಿತ್ರದ ವಿಷಯಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಹಳೇ ಹೆಚ್‌ಎಂವಿ ಗ್ರಾಮಫೋನ್ ತಟ್ಟೆ ಇದ್ದರೆ ಮೇಲಿನ ನಾಯಿ ಚಿತ್ರ ನೆನಪಿರುತ್ತೆ. ಆ ಹೆಚ್‌ಎಂವಿ ಇದ್ದದ್ದು ಇಎಂಐ ಅನ್ನೋ ಬ್ರಿಟಿಷ್ ಕಂಪನಿಯ ಕೈಯಲ್ಲಿ. ಅದೇ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಸಿಟಿ ಸ್ಕ್ಯಾನ್ ಯಂತ್ರ ಕಟ್ಟಿದವರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. ಗಡ್ಡೆ, ರಕ್ತಸ್ರಾವ ಎಲ್ಲ ಕಂಡಿತು. ಆದರೆ ಎಂಎಸ್ ಕಲೆಗಳು? ಸಿಟಿಯಲ್ಲಿ ಕಾಣೋದು ಎಕ್ಸ್‌ರೇಯನ್ನು ಯಾವ ಭಾಗ ಎಷ್ಟು ತಡೆಯುತ್ತೆ ಅನ್ನೋದು. ಮೈಲಿನ್ ಹೋದ ಜಾಗಕ್ಕೂ ಇರುವ ಜಾಗಕ್ಕೂ ಅದರಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ದೊಡ್ಡ ಕಲೆಗಳು ಅಲ್ಲೊಂದು ಇಲ್ಲೊಂದು ಕಂಡವು, ಅಷ್ಟೇ.

ಅಷ್ಟರಲ್ಲಿ ಬೇರೆ ದಾರಿ ತೆರೆದುಕೊಂಡಿತ್ತು. 1946ರಲ್ಲಿ ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್, ಬೇರೆ ಬೇರೆಯಾಗಿ, ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿನ ಪರಮಾಣು ಬೀಜಗಳು ರೇಡಿಯೋ ತರಂಗಕ್ಕೆ ಓಗೊಡುವುದನ್ನು ತೋರಿಸಿದ್ದರು. ಆ ಓಗೊಡುವಿಕೆಯಿಂದ ಚಿತ್ರ ಬರೆಯಬಹುದು ಅಂತ ಪಾಲ್ ಲೌಟರ್ಬರ್ 1973ರಲ್ಲಿ ತೋರಿಸಿದರು. ನಾಟಿಂಗ್‌ಹ್ಯಾಮ್‌ನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಮುಂದುವರಿಸಿದರು. 2003ರ ನೊಬೆಲ್ ಈ ಇಬ್ಬರಿಗೆ. ಎಂಆರ್‌ಐ ನೋಡೋದು ಮುಖ್ಯವಾಗಿ ನೀರಿನಲ್ಲಿರುವ ಹೈಡ್ರೋಜನ್ ಅನ್ನು. ಎಂಎಸ್ ಕಲೆಯಲ್ಲಿ ಊತ ಇರುತ್ತೆ, ಮೈಲಿನ್‌ನ ಕೊಬ್ಬು ಕಡಿಮೆಯಾಗಿ ನೀರು ಹೆಚ್ಚಾಗಿರುತ್ತೆ. ಹಾಗಾಗಿ ಸಿಟಿಗೆ ಕಾಣದ್ದು ಇಲ್ಲಿ ಕಾಣಬೇಕಿತ್ತು.

ಕಂಡಿತು. 1981ರ ನವೆಂಬರ್‌ನಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, ಇಎಂಐ ಕಟ್ಟಿದ ಪ್ರಾಯೋಗಿಕ ಯಂತ್ರದಲ್ಲಿ, ಇಯಾನ್ ಯಂಗ್, ಗ್ರೇಮ್ ಬಿಡರ್ ಮತ್ತು ಜೊತೆಗಾರರು 10 ಮಂದಿ ಎಂಎಸ್ ರೋಗಿಗಳನ್ನು ನೋಡಿದ್ದರು. ಆ ಹತ್ತು ಜನರಲ್ಲಿ ಸಿಟಿ ತೋರಿಸಿದ್ದು ಒಟ್ಟು 19 ಕಲೆ. ಹೊಸ ಯಂತ್ರ ಅದರ ಮೇಲೆ ಇನ್ನೂ 112 ತೋರಿಸಿತು! ಲೇಖಕರಲ್ಲೊಬ್ಬರು ನರರೋಗ ತಜ್ಞ ಕ್ರಿಸ್ಟೋಫರ್ ಪ್ಯಾಲಿಸ್. ಅವರು ಹುಟ್ಟಿದ್ದು 1923ರಲ್ಲಿ, ಇದೇ ನಮ್ಮ ಬೊಂಬಾಯಿಯಲ್ಲಿ. ಬದುಕಿರುವ, ಮಾತಾಡುವ, ಮನೆಗೆ ಎದ್ದು ಹೋಗುವ ಮನುಷ್ಯರ ಮೆದುಳಿನಲ್ಲಿ ಶಾರ್ಕೋ ಹೇಳಿದ ಕಲೆಗಳು ಇಷ್ಟು ಸ್ಪಷ್ಟವಾಗಿ ಕಂಡದ್ದು ಇಲ್ಲಿಂದ. 1992ರಲ್ಲಿ ಅದೇ ಹ್ಯಾಮರ್‌ಸ್ಮಿತ್ ಗುಂಪು ಫ್ಲೇರ್ ಅನ್ನೋ ವಿಧಾನ ಕೊಟ್ಟಿತು. ಮೆದುಳಿನ ಸುತ್ತ, ಒಳಗೆ ತುಂಬಿರುವ ದ್ರವದ ಬೆಳಕನ್ನು ಅದು ಆರಿಸಿಬಿಡುತ್ತೆ. ಆಗ ದ್ರವದ ಪಕ್ಕದಲ್ಲೇ ಅಡಗಿದ್ದ ಕಲೆಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಇವತ್ತು ನಿಮ್ಮ ರಿಪೋರ್ಟಿನಲ್ಲಿ ಫ್ಲೇರ್ ಅಂತ ಇದ್ದರೆ ಅದು ಇದೇ.

ಆದರೆ ನನ್ನ ಪ್ರಕಾರ ನಿಜವಾದ ತಿರುವು ಇದಾದ ಮೇಲೆ ಬಂತು. ಒಂದು ಸಲ ಚಿತ್ರ ತೆಗೆದರೆ ಕಾಯಿಲೆ ಇದೆ ಅಂತ ಗೊತ್ತಾಗುತ್ತೆ. ಅದು ಈಗ ಏನು ಮಾಡ್ತಿದೆ? ಮಲಗಿದೆಯಾ, ಕೆಲಸ ಮಾಡ್ತಿದೆಯಾ? ಅದು ಒಂದು ಚಿತ್ರದಿಂದ ಗೊತ್ತಾಗಲ್ಲ. 1980ರ ದಶಕದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡೊನಾಲ್ಡ್ ಪೇಟಿ, ಡೇವಿಡ್ ಲೀ ಗುಂಪು, ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ಇಯಾನ್ ಮೆಕ್‌ಡೊನಾಲ್ಡ್ ಗುಂಪು, ಒಬ್ಬರೇ ರೋಗಿಯನ್ನು ಮತ್ತೆ ಮತ್ತೆ, ಕೆಲವು ವಾರಕ್ಕೊಮ್ಮೆ ಯಂತ್ರದೊಳಗೆ ಮಲಗಿಸಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಕಂಡದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು. ರೋಗಿ ಆರಾಮಾಗಿದ್ದೇನೆ ಅನ್ನುತ್ತಿದ್ದ ತಿಂಗಳುಗಳಲ್ಲೂ ಹೊಸ ಕಲೆಗಳು ಹುಟ್ಟುತ್ತಿದ್ದವು. ಹೊರಗೆ ಒಂದು ದಾಳಿ ಕಂಡರೆ ಒಳಗೆ ಐದರಿಂದ ಹತ್ತು ಹೊಸ ಕಲೆ. ಸುಮ್ಮನಿದೆ ಅಂದುಕೊಂಡಿದ್ದ ಕಾಯಿಲೆ ಸುಮ್ಮನಿರಲಿಲ್ಲ.

ಕಲೆ ಹೊಸದಾ ಹಳೇದಾ ಅಂತ ಒಂದೇ ಸ್ಕ್ಯಾನಿನಲ್ಲಿ ತಿಳಿಯೋಕೆ ಗ್ಯಾಡೊಲಿನಿಯಂ ಚುಚ್ಚುಮದ್ದು ಬಂತು. ಅಮೆರಿಕದಲ್ಲಿ ಅದಕ್ಕೆ 1988ರಲ್ಲಿ ಅನುಮತಿ ಸಿಕ್ಕಿತು. ರಕ್ತದಿಂದ ಮೆದುಳಿಗೆ ಬೇಡದ್ದು ಹೋಗದ ಹಾಗೆ ರಕ್ತನಾಳದ ಗೋಡೆಯಲ್ಲಿ ಒಂದು ತಡೆ ಇರುತ್ತೆ. ಹೊಸ ದಾಳಿಯಾದ ಕಡೆ ಆ ತಡೆ ಕೆಲವು ವಾರ ಸೋರುತ್ತೆ. ಗ್ಯಾಡೊಲಿನಿಯಂ ಅಲ್ಲಿ ಒಳನುಗ್ಗಿ ಹೊಳೆಯುತ್ತೆ. ಹೊಳೆದರೆ ಇತ್ತೀಚಿನದು, ಹೊಳೆಯದಿದ್ದರೆ ಹಳೇದು.

ಇದರ ಬೆಲೆ ಗೊತ್ತಾದದ್ದು 1993ರಲ್ಲಿ. ಇಂಟರ್ಫೆರಾನ್ ಬೀಟಾ-1ಬಿ ಅನ್ನೋ ಔಷಧಿಯನ್ನು 372 ರೋಗಿಗಳಲ್ಲಿ ಪರೀಕ್ಷಿಸಿದ್ದರು. ಜೋರಾದ ಡೋಸ್ ತೆಗೆದುಕೊಂಡವರಲ್ಲಿ ದಾಳಿಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಆದರೆ ದಾಳಿಯ ಎಣಿಕೆ ರೋಗಿ ಹೇಳಿದ್ದನ್ನೂ ಡಾಕ್ಟರ್ ನಂಬಿದ್ದನ್ನೂ ಅವಲಂಬಿಸಿರುತ್ತೆ. ಜೊತೆಗೇ ಪ್ರಕಟವಾದ ವ್ಯಾಂಕೂವರ್ ಗುಂಪಿನ ಎಂಆರ್‌ಐ ಲೇಖನ ಬೇರೆ ಸಾಕ್ಷಿ ಕೊಟ್ಟಿತು: ಔಷಧಿ ತೆಗೆದುಕೊಂಡವರಲ್ಲಿ ಹೊಸ ಕಲೆಗಳೂ ಕಡಿಮೆಯಾಗಿದ್ದವು. ಆ ವರ್ಷವೇ ಅಮೆರಿಕದಲ್ಲಿ ಅನುಮತಿ. ಕಾಯಿಲೆಯ ಓಟವನ್ನೇ ನಿಧಾನ ಮಾಡುವ ಮೊದಲ ಎಂಎಸ್ ಔಷಧಿ ಅದು. 2001ರಲ್ಲಿ ಮೆಕ್‌ಡೊನಾಲ್ಡ್ ಹೆಸರಿನ ಮಾನದಂಡ ಬಂದಾಗ, ಎರಡನೇ ದಾಳಿಗೆ ಕಾಯದೇ ಎರಡನೇ ಸ್ಕ್ಯಾನಿನ ಹೊಸ ಕಲೆಯಿಂದಲೇ ರೋಗ ಖಚಿತ ಮಾಡಬಹುದು ಅಂತಾಯಿತು.

ನಮ್ಮ ದೇಶದ ಕಥೆ ಏನು? ತುಂಬಾ ವರ್ಷ ಇದು ಬಿಳಿಯರ, ಚಳಿದೇಶದ ಕಾಯಿಲೆ ಅಂತಲೇ ಪಾಠ ಹೇಳ್ತಿದ್ದರು. 1980ರ ದಶಕದವರೆಗಿನ ಅಂದಾಜುಗಳು ಭಾರತದಲ್ಲಿ ಲಕ್ಷಕ್ಕೆ ಒಬ್ಬರ ಆಸುಪಾಸು ಅನ್ನುತ್ತಿದ್ದವು. 1990ರಲ್ಲಿ ಮುಂಬೈಯ ನರರೋಗ ತಜ್ಞ ನೋಶಿರ್ ವಾಡಿಯಾ ಮತ್ತು ಅವರ ಸಹೋದ್ಯೋಗಿ, ಪಾರ್ಸಿ ಸಮುದಾಯದಲ್ಲಿ ಇದು ಅಪರೂಪವೇ ಅಲ್ಲ ಅಂತ ತೋರಿಸಿದರು. ಆಮೇಲೆ ಎಂಆರ್‌ಐ ಯಂತ್ರಗಳು ನಗರದಿಂದ ನಗರಕ್ಕೆ ಹರಡಿದವು. ನೋಡುವ ಕಣ್ಣು ಬಂದ ಮೇಲೆ ರೋಗಿಗಳೂ ಕಂಡರು.

ನಮ್ಮ ಕರಾವಳಿಯ ಕೆಲಸವನ್ನು ಇಲ್ಲಿ ಹೇಳಲೇಬೇಕು. ಮಂಗಳೂರಿನ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರು ಈ ಬಗೆಯ ಕಾಯಿಲೆಗಳ ದಾಖಲಾತಿಯನ್ನು ವರ್ಷಗಟ್ಟಲೆ ಕಟ್ಟಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಎಂಎಸ್ ಲಕ್ಷಕ್ಕೆ 8.35. ಹಳೇ ಅಂದಾಜಿನ ಎಷ್ಟು ಪಟ್ಟು ನೋಡಿ. ಅದೇ ಅಧ್ಯಯನದಲ್ಲಿ ಇನ್ನೊಂದು ಕಾಯಿಲೆಯ ಲೆಕ್ಕವೂ ಇದೆ: ನ್ಯೂರೋಮೈಲೈಟಿಸ್ ಆಪ್ಟಿಕಾ, ಲಕ್ಷಕ್ಕೆ 2.6. ಇದೂ ಕಣ್ಣಿನ ನರ, ಬೆನ್ನುಹುರಿಗಳನ್ನೇ ಹಿಡಿಯುತ್ತೆ, ಬಹಳ ಕಾಲ ಎಂಎಸ್‌ನ ಒಂದು ರೂಪ ಅಂತಲೇ ಎಣಿಸಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಂಡಾ ಲೆನನ್ ಗುಂಪು ಇದಕ್ಕೇ ಮೀಸಲಾದ ಪ್ರತಿಕಾಯವೊಂದನ್ನು ರಕ್ತದಲ್ಲಿ ಪತ್ತೆಮಾಡಿತು. ಎಂಆರ್‌ಐನಲ್ಲೂ ಸುಳಿವು ಸಿಗುತ್ತೆ: ಬೆನ್ನುಹುರಿಯಲ್ಲಿ ಮೂರು ಕಶೇರುಗಳಷ್ಟೋ ಅದಕ್ಕೂ ಹೆಚ್ಚೋ ಉದ್ದದ ಕಲೆ ಇದ್ದರೆ ಅನುಮಾನ ಈ ಕಡೆ. ಇದು ಪುಸ್ತಕದ ಸೂಕ್ಷ್ಮ ಅಲ್ಲ. ಎಂಎಸ್‌ಗೆ ಕೊಡುವ ಕೆಲವು ಔಷಧಿಗಳು, ಇಂಟರ್ಫೆರಾನ್ ಸೇರಿ, ಈ ಕಾಯಿಲೆಯನ್ನು ಕೆರಳಿಸಬಲ್ಲವು.

ಇಷ್ಟು ಹೇಳಿ ಸಾಗರದ ಸಿ.ಡಿ.ಗೆ ವಾಪಸ್ ಬರ್ತೀನಿ.

ಅಪ್ಪನಿಗೆ ಫೋನ್ ಮಾಡಿದೆವು. ಕಪಾಟಿನಲ್ಲಿ, ಪಹಣಿ ಕಾಗದಗಳ ಕೆಳಗೆ ಸಿಕ್ಕಿತು. ಮುಂಬೈಗೆ ಹೊರಟಿದ್ದ ನೆಂಟರೊಬ್ಬರ ಕೈಲಿ, ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯ ಜೊತೆ ಬಸ್ಸಿನಲ್ಲಿ ಬಂತು. ಮನೆಯಲ್ಲಿ ಮೂರು ಲ್ಯಾಪ್‌ಟಾಪ್ ಇವೆ, ಒಂದಕ್ಕೂ ಸಿ.ಡಿ. ಹಾಕುವ ಜಾಗ ಇಲ್ಲ! ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯವನ ಹಳೇ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆವು. ಎರಡನ್ನೂ ಇನ್ನೊಬ್ಬ ರೇಡಿಯಾಲಜಿಸ್ಟ್ ಹತ್ತಿರ ಒಯ್ದೆವು. ಅವರು ಹಳೇದು ಹೊಸದನ್ನು ಒಂದೇ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿದರು.

ಶಿವಮೊಗ್ಗದ ಸ್ಕ್ಯಾನಿನಲ್ಲಿ ಪದರಗಳು 5 ಮಿಲಿಮೀಟರ್ ದಪ್ಪ, ನಡುವೆ ಚೂರು ಖಾಲಿ. ಇಲ್ಲಿಯದು 1 ಮಿಲಿಮೀಟರ್ ತೆಳು, ನಡುವೆ ಖಾಲಿಯೇ ಇಲ್ಲ. ಬ್ರೆಡ್ಡನ್ನು ದಪ್ಪಗೆ ಕೊಯ್ದರೆ ಒಳಗಿನ ಒಂದು ಒಣದ್ರಾಕ್ಷಿ ಕಾಣದೇ ಹೋಗಬಹುದು, ತೆಳ್ಳಗೆ ಕೊಯ್ದರೆ ಕಾಣುತ್ತೆ. ದ್ರಾಕ್ಷಿ ಹೊಸದಾಗಿ ಹುಟ್ಟಿದ್ದಲ್ಲ. ಮೂರರಲ್ಲಿ ಎರಡು ಕಲೆಗಳು ಹಳೇ ಚಿತ್ರದಲ್ಲೂ ಮಸುಕಾಗಿ ಇದ್ದವು, ಯಾರೂ ಎಣಿಸಿರಲಿಲ್ಲ. ಮೂರನೆಯದು ಹಳೇ ಸ್ಕ್ಯಾನಿನ ಎರಡು ಪದರಗಳ ನಡುವಿನ ಖಾಲಿ ಜಾಗದಲ್ಲಿ ಬಿದ್ದಿತ್ತು. ಅದು ಹೊಸದೋ ಹಳೇದೋ ಹೇಳೋಕೆ ದಾರಿ ಇಲ್ಲ. ಹೊಸದೇ ಆಗಿದ್ದರೂ ಔಷಧಿ ಶುರುವಾಗುವ ಮೊದಲೇ ಬಂದಿರಬಹುದಲ್ಲ? ಮೊದಲ ಸ್ಕ್ಯಾನ್‌ಗೂ ಮೊದಲ ಡೋಸ್‌ಗೂ ನಡುವೆ ತಿಂಗಳುಗಳು ಕಳೆದಿದ್ದವು. ಆಗ ಔಷಧಿಯ ಮೇಲೆ ತಪ್ಪು ಹೊರಿಸೋಕೆ ಆಗಲ್ಲ.

ಯುರೋಪ್, ಉತ್ತರ ಅಮೆರಿಕದ ತಜ್ಞರು 2021ರಲ್ಲಿ ಒಟ್ಟಾಗಿ ಕೊಟ್ಟ ಸಲಹೆ ಇದನ್ನೇ ಹೇಳುತ್ತೆ. ಔಷಧಿ ಶುರುವಾಗಿ 3ರಿಂದ 6 ತಿಂಗಳಿಗೆ ಒಂದು ಹೊಸ ಬೇಸ್‌ಲೈನ್ ಸ್ಕ್ಯಾನ್, ಆಮೇಲೆ ವರ್ಷಕ್ಕೊಮ್ಮೆ. ಆದಷ್ಟು ಅದೇ ಯಂತ್ರ, ಅದೇ ಕ್ರಮ, ತೆಳು ಪದರ. ಹೋಲಿಸೋಕೆ ಒಳ್ಳೆಯ ಹಳೇ ಸ್ಕ್ಯಾನ್ ಇದ್ದರೆ ಪ್ರತಿ ಸಲ ಗ್ಯಾಡೊಲಿನಿಯಂ ಬೇಕಾಗಿಲ್ಲ. ಗ್ಯಾಡೊಲಿನಿಯಂ ಅಲ್ಪ ಪ್ರಮಾಣದಲ್ಲಿ ಮೆದುಳಿನಲ್ಲಿ ಉಳಿದುಕೊಳ್ಳುತ್ತೆ ಅನ್ನೋದರ ಗುರುತನ್ನು ಜಪಾನಿನ ಸಂಶೋಧಕರು 2014ರಲ್ಲಿ ಕಂಡಿದ್ದರು. ಅಂದರೆ ಜೋಪಾನವಾಗಿಟ್ಟ ಹಳೇ ಚಿತ್ರ ಒಂದು ಚುಚ್ಚುಮದ್ದನ್ನೇ ಉಳಿಸಬಹುದು.

ಡಾಕ್ಟರು ಎಲ್ಲ ನೋಡಿ, ಔಷಧಿ ಬದಲಿಸದೇ, ಶಹಾಡ್‌ಗೆ ಬಂದ ಮೇಲಿನ ಸ್ಕ್ಯಾನನ್ನೇ ಬೇಸ್‌ಲೈನ್ ಅಂದುಕೊಳ್ಳೋಣ ಅಂದರು. ಆರು ತಿಂಗಳಿಗೆ ಅದೇ ಯಂತ್ರದಲ್ಲಿ, ಅದೇ ಕ್ರಮದಲ್ಲಿ ಮತ್ತೆ ಮಾಡಿಸಿದೆವು. ಹೊಸ ಕಲೆ ಇರಲಿಲ್ಲ. ತಂಗಿ ಇವತ್ತಿಗೂ ಅದೇ ಔಷಧಿಯಲ್ಲಿದ್ದಾಳೆ.

ಕಥೆ ಹೀಗೇ ಮುಗಿಯಬೇಕು ಅಂತೇನಿಲ್ಲ. ಪಕ್ಕಪಕ್ಕ ಇಟ್ಟಾಗ ಮೂರೂ ಹೊಸದೇ ಅಂತ ಗೊತ್ತಾಗಿದ್ದರೆ ಔಷಧಿ ಬದಲಿಸಲೇಬೇಕಿತ್ತು, ತಡ ಮಾಡಿದ್ದರೆ ನಷ್ಟ ಅವಳಿಗೇ. ಸ್ಕ್ಯಾನ್ ಕೆಟ್ಟ ಸುದ್ದಿ ಕೊಟ್ಟರೆ ನಂಬಬೇಡಿ ಅಂತ ನಾನು ಹೇಳ್ತಿಲ್ಲ. ಹೋಲಿಸಿ ನೋಡಿದ ಸುದ್ದಿಯಾ ಅಂತ ಕೇಳಿ, ಅಷ್ಟೇ.

ಇನ್ನೊಂದು ಮಾತು. ಚಿತ್ರದ ಕಲೆಗೂ ಮನುಷ್ಯನ ಕಷ್ಟಕ್ಕೂ ನೇರ ಲೆಕ್ಕ ಇಲ್ಲ. ಮೆದುಳಿನಲ್ಲಿ ಇಪ್ಪತ್ತು ಕಲೆ ಇದ್ದವರು ಓಡಾಡಿಕೊಂಡಿರಬಹುದು, ಬೆನ್ನುಹುರಿಯಲ್ಲಿ ಒಂದೇ ಇದ್ದವರಿಗೆ ಮೆಟ್ಟಿಲು ಹತ್ತೋಕೆ ಆಗದಿರಬಹುದು. ತಂಗಿಯ ಸ್ಕ್ಯಾನ್ ಈಗ ಚೆನ್ನಾಗಿದೆ. ಆದರೂ ಸಂಜೆ ಶಹಾಡ್‌ನಲ್ಲಿ ಇಳಿದು ಬ್ರಿಡ್ಜ್ ಹತ್ತುವಷ್ಟರಲ್ಲಿ ಸುಸ್ತಾಗಿ ರೇಲಿಂಗ್ ಹಿಡಿದು ನಿಲ್ಲುತ್ತಾಳೆ. ಆ ಸುಸ್ತು ಯಾವ ಚಿತ್ರದಲ್ಲೂ ಬಿಳಿಯಾಗಿ ಕಾಣಲ್ಲ. ಆಫೀಸಿನಲ್ಲಿ ನೋಡೋಕೆ ಚೆನ್ನಾಗೇ ಇದ್ದೀಯಲ್ಲ ಅನ್ನೋರು ಇದ್ದೇ ಇರ್ತಾರೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಹೆಸರು ಹಿಡಿದೇ ಇದೆ. ಮ್ಯಾನೇಜರಿಗೆ, ಎಚ್‌ಆರ್‌ಗೆ ಇದು ಗೊತ್ತಿರಲಿ. 1985ರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಇದೆ, ಮುಂಬೈಯಲ್ಲೂ ಬೆಂಗಳೂರಿನಲ್ಲೂ ಶಾಖೆ ಇವೆ.

ನಾವು ವರ್ಷಕ್ಕೊಂದು ಮನೆ, ಎರಡು ವರ್ಷಕ್ಕೊಂದು ಊರು ಬದಲಿಸೋ ಜನ. ಪುಣೆ, ಹೈದರಾಬಾದ್, ಆಮೇಲೆ ಇನ್ನೆಲ್ಲೋ. ನಮ್ಮ ಕಾಯಿಲೆಯ ಚರಿತ್ರೆ ಊರೂರಲ್ಲಿ ಚೂರುಚೂರಾಗಿ ಉಳಿದುಹೋಗುತ್ತೆ. ಹಾಗಾಗಿ ಯಾವುದೇ ಸ್ಕ್ಯಾನ್ ಆಗಲಿ, ರಿಪೋರ್ಟ್ ಕಾಗದ ಒಂದೇ ತೆಗೆದುಕೊಂಡು ಬರಬೇಡಿ. ಚಿತ್ರಗಳ ಮೂಲ ಫೈಲುಗಳನ್ನು, ಡೈಕಾಮ್ ಅಂತಾರೆ, ಕೇಳಿ ತೆಗೆದುಕೊಳ್ಳಿ. ಎರಡು ಕಡೆ ಕಾಪಿ ಇಡಿ. ಫೋಲ್ಡರಿಗೆ ತಾರೀಕು, ಊರು ಬರೆಯಿರಿ. ಮುಂದಿನ ಸ್ಕ್ಯಾನಿಗೆ ಹೋಗುವಾಗ ಅದನ್ನು ಕೈಲಿ ಹಿಡಿದುಕೊಂಡೇ ಹೋಗಿ.

ನಮ್ಮ ಮನೆಯಲ್ಲಿ ಆ ಕೆಲಸ ತಂಗಿಯದೇ. ಫೋಲ್ಡರಿಗೆ ಅವಳು ಇಟ್ಟ ಹೆಸರು "ಹಳೇ ಬಿಲ್ಡ್‌ಗಳು". ಸಿ.ಡಿ. ಮಾತ್ರ ಕಪಾಟಿನಲ್ಲಿ ಹಾಗೇ ಇದೆ, ಕವರಿಗೆ ಸ್ವಲ್ಪ ಉಪ್ಪಿನಕಾಯಿ ಎಣ್ಣೆ ತಾಗಿದೆ.